ಸೀರೆಯ ಹಸಿರು

ತಾಯಿಯವರು ತೀರಿಕೊಂಡ ಬಳಿಕ ಅವರ ಭಾವಚಿತ್ರವೊಂದನ್ನು ಗಣಕಯಂತ್ರದಿಂದ ಅಂಗಡಿಗೆ ಕಳುಹಿಸಿ ಅಚ್ಚುಹಾಕಿಸಿದೆನು. ತಂದೆಯವರು ಬಹಳ ಹೊತ್ತು ನೋಡಿ, “ಮುಖವೇನೋ ಅವಳದೇ; ಸೀರೆ ಅವಳದಲ್ಲ” ಎಂದರು. ಗಿಳಿಹಸಿರು ಬಾಡಿದೆಲೆಯಂತಾಗಿದ್ದಿತು. ಅಂಗಡಿಯವನನ್ನು ಚೆನ್ನಾಗಿ ಬೈದು ಬಂದೆನು.

ತಪ್ಪು ನನ್ನದೆಂಬುದು ಅನಂತರ ತಿಳಿಯಿತು. ಯಂತ್ರಕ್ಕೆ ಬಣ್ಣವೆಂದರೆ ಕೆಂಪು, ಹಸಿರು, ನೀಲಿಗಳ ಮೂರು ಅಂಕೆಗಳು ಮಾತ್ರ. ಎಂತಹ ಹಸಿರೆಂಬುದನ್ನು ಕಡತದೊಳಗಿನ ‘ಪ್ರೊಫೈಲ್’ ಎಂಬ ಚೀಟಿ ಹೇಳಬೇಕು. ಚೀಟಿಯಿಲ್ಲದಿದ್ದರೆ, 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಸೂಚಿಸಿದ ಎಸ್‌ಆರ್‌ಜಿಬಿ ಎಂದೇ ಭಾವಿಸುವುದು ವಾಡಿಕೆ. ನನ್ನ ಕ್ಯಾಮೆರಾ ಬರೆದುದಾದರೋ ಹಸಿರಿನ ಹರವು ಹೆಚ್ಚಾಗಿರುವ ಅಡೋಬಿ ಆರ್‌ಜಿಬಿಯಲ್ಲಿ. ಕಡತವನ್ನು ಚಿಕ್ಕದುಮಾಡುವಾಗ ಚೀಟಿಯನ್ನು ನಾನೇ ಕಳೆದಿದ್ದೆನು. ಅಂಕೆಗಳು ಉಳಿದುವು, ಅರ್ಥ ಹೋಯಿತು.

ಚೀಟಿಯನ್ನು ಮೊದಲು ಮರಳಿ ಹಚ್ಚಿ, ಆಮೇಲೆ ಎಸ್‌ಆರ್‌ಜಿಬಿಗೆ ಮಾರ್ಪಡಿಸಬೇಕು. ಹಚ್ಚುವುದರಿಂದ ಅಂಕೆಗಳು ಬದಲಾಗವು, ಮಾರ್ಪಡಿಸುವುದರಿಂದ ಬದಲಾಗುವುವು. ಇವೆರಡನ್ನು ಒಂದೆಂದು ತಿಳಿದು ನಾನು ಒಂದು ಸಂಜೆಯನ್ನೇ ಕಳೆದೆನು.

ಎರಡನೆಯ ಪಟದಲ್ಲಿ ಹಸಿರು ಮರಳಿತು. ಪೂರ್ತಿಯಾಗಿ ಅಲ್ಲ, ಮಸಿಗೆ ಅಷ್ಟು ಹಸಿರು ಎಟುಕದು. ತಂದೆಯವರು ಪೆಟ್ಟಿಗೆಯಿಂದ ಸೀರೆಯನ್ನೇ ತಂದು ಪಕ್ಕದಲ್ಲಿಟ್ಟು ನೋಡಿದರು, ಏನೂ ಹೇಳಲಿಲ್ಲ. ಮರುದಿನ ಅಂಗಡಿಯವನ ಕ್ಷಮೆ ಬೇಡಲು ಹೋದೆನು.