ಒಗೆತದ ಲೆಕ್ಕ

ಬಟ್ಟೆ ಒಗೆಯುವ ಯಂತ್ರದಲ್ಲಿ ಬಿಸಿನೀರಿನ ಆಯ್ಕೆಯನ್ನು ಒತ್ತಿದಾಗ ಹೆಚ್ಚು ವಿದ್ಯುತ್ತನ್ನು ನುಂಗುವುದು ತೊಟ್ಟಿಯನ್ನು ತಿರುಗಿಸುವ ಮೋಟಾರಲ್ಲ, ನೀರನ್ನು ಕಾಯಿಸುವ ಸುರುಳಿ. 20 ಲೀಟರ್ ನೀರಿನ ಉಷ್ಣತೆಯನ್ನು 25 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 0.8 ಯೂನಿಟ್, ಅಂದರೆ 1,000 ವಾಟ್‌ನ ಉಪಕರಣವೊಂದು 48 ನಿಮಿಷ ಬಳಸುವಷ್ಟು ವಿದ್ಯುತ್ತು ಬೇಕಾಗುವುದರಿಂದ, ದಿನಬಳಕೆಯ ಬಟ್ಟೆಗೆ ತಣ್ಣೀರನ್ನೇ ಬಳಸಿ, ಬಿಸಿನೀರನ್ನು ರೋಗಿಗಳ ಹಾಸು ಹೊದಿಕೆಗಳಿಗೆ ಮೀಸಲಿಡುವುದು ವಿವೇಕದ ಕ್ರಮ.

ಕರ್ನಾಟಕದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯಡಿ ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಇಡೀ ಬಿಲ್ಲನ್ನು ಗ್ರಾಹಕರೇ ಕಟ್ಟಬೇಕಾಗಿರುವುದರಿಂದ, ಆ ಗಡಿಯ ಅಂಚಿನಲ್ಲಿರುವ ಮನೆಗೆ ಇಂಥ ಒಂದೊಂದು ಯೂನಿಟ್ಟೂ ಅಮೂಲ್ಯ.

ನೀರಿನ ಗುಣವೂ ಖರ್ಚನ್ನು ನಿರ್ಧರಿಸುತ್ತದೆ. ಗಡಸು ನೀರು, ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಿರುವ ನೀರು, ಸಾಬೂನಿನ ಒಂದು ಪಾಲನ್ನು ನೊರೆಯಾಗಲು ಬಿಡದೆ ಗಸಿಯಾಗಿಸುತ್ತದೆ. ಮಳೆನೀರಿನಲ್ಲಿ ಈ ಲವಣಗಳು ಅತ್ಯಲ್ಪವಾದ್ದರಿಂದ ಅದನ್ನು ಸಂಗ್ರಹಿಸಿ ಒಗೆಯುವ ಮನೆಗೆ ಕಡಿಮೆ ಸಾಬೂನು ಸಾಕಾಗುತ್ತದೆ. ಕೊನೆಯ ಸಲ ಜಾಲಿಸಿದ ನೀರನ್ನು ಶೌಚಾಲಯಕ್ಕೆ ಬಳಸಿ, ಬಟ್ಟೆಯನ್ನು ಬಿಸಿಲು ಗಾಳಿಗಳಿಗೆ ಒಪ್ಪಿಸುವ ಹಳೆಯ ರೂಢಿ ಬಡತನದ ಗುರುತಲ್ಲ. ಅದು ಮನೆಯ ಹಣವನ್ನೂ ನಾಡಿನ ನೀರನ್ನೂ ಒಟ್ಟಿಗೆ ಕಾಯುವ ತಿಳಿವಳಿಕೆ.