ಹಿಂಚಕ್ರದ ಬೀಗ

ಹಳಗನ್ನಡದ ಪಾಠ ಹೇಳುವವನಿಗೆ ಹಲ್ಲುಚಕ್ರಗಳ ಹಂಗೇಕೆಂದು ನನ್ನ ಸಹೋದ್ಯೋಗಿಗಳು ಕೇಳುವುದುಂಟು. ಹಂಗು ಬಂದದ್ದು ತಂದೆಯವರಿಂದ. ಅವರು ಬಿಟ್ಟುಹೋದ ಆಸ್ತಿಯಲ್ಲಿ ನನ್ನ ಪಾಲಿಗೆ ಬಂದುದು ಒಂದು ಮಹೀಂದ್ರ ಸಿ.ಜೆ. 3ಬಿ ಜೀಪು. ವಾರದ ಆರು ದಿನ ಅದು ನನ್ನನ್ನು ಕೃಷ್ಣರಾಜಪುರದಿಂದ ದಂಡಿನ ಕಡೆಯ ಕಾಲೇಜಿಗೆ ಕರೆತರುತ್ತದೆ. ರಜೆ ಬಂದರೆ ಸಕಲೇಶಪುರದಾಚೆ, ಹಾನುಬಾಳಿನ ಕಡೆಯ ನಮ್ಮ ಹಳ್ಳಿಗೆ ಒಯ್ಯುತ್ತದೆ. ಅಲ್ಲಿ ತಗ್ಗಿನ ಮನೆಯಲ್ಲಿ ನನ್ನ ತಾಯಿ ಒಬ್ಬರೇ ಇದ್ದಾರೆ. ಮನೆಯಿಂದ ಟಾರು ರಸ್ತೆಗೆ ಎರಡು ಫರ್ಲಾಂಗು ಕೆಮ್ಮಣ್ಣಿನ ಏರು.

ಕಳೆದ ಆಷಾಢದಲ್ಲಿ ತಾಯಿಗೆ ಉಬ್ಬಸ ಉಲ್ಬಣಿಸಿತು. ಅವರನ್ನು ಕೂರಿಸಿಕೊಂಡು ಹೊರಟ ಜೀಪು ಏರಿನ ನಡುವೆ ನಿಂತುಬಿಟ್ಟಿತು. ಹಿಂದಿನ ಎಡಚಕ್ರ ನೀರು ಕೊರೆದ ಹಳ್ಳದ ಮೇಲೆ ತೂಗಾಡುತ್ತ ಗಿರಗಿರನೆ ತಿರುಗುತ್ತಿತ್ತು. ಬಲಚಕ್ರ ಗಟ್ಟಿನೆಲದ ಮೇಲಿದ್ದೂ ಮಿಸುಕಲಿಲ್ಲ. ಮುಂದಿನ ಚಕ್ರಗಳ ಜೋಡಿಯಲ್ಲೂ ಅದೇ ಕತೆ. ಕೊನೆಗೆ ನೆರೆಯ ನಾಲ್ವರು ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಮೇಲೆ ಗೊರಬು ಹಿಡಿದು, ರಸ್ತೆಗೆ ಹೊತ್ತು ತಂದರು. ಅವರು ಗುಣವಾಗಿ ಮನೆಗೆ ಮರಳಿದರು. ಆದರೆ ಆ ಕುರ್ಚಿ ನನ್ನ ಕಣ್ಣಿನಿಂದ ಮರೆಯಾಗಲಿಲ್ಲ.

ನಾಲ್ಕೂ ಚಕ್ರಕ್ಕೆ ಬಲವಿದೆಯೆಂದು ಹೇಳುವ ಗಾಡಿ ಹೀಗೇಕೆ ಮಾಡಬೇಕು? ದೋಷವೆಲ್ಲ ಆಕ್ಸಲ್ಲಿನ ನಡುವೆ ಕುಳಿತ ಡಿಫರೆನ್ಷಿಯಲ್ಲಿನದು. ದೋಷವೆನ್ನುವುದೂ ತಪ್ಪು, ಅದು ಅದರ ಗುಣ. ಫ್ರಾನ್ಸಿನ ಪೆಕ್ಯೂರ್ ಎಂಬ ಗಡಿಯಾರದ ಕುಶಲಿ 1827ರಲ್ಲಿ ಉಗಿಬಂಡಿಗಾಗಿ ಇದಕ್ಕೆ ಹಕ್ಕುಪತ್ರ ಪಡೆದ. ಗಾಡಿ ತಿರುಗುವಾಗ ಹೊರಚಕ್ರ ಒಳಚಕ್ರಕ್ಕಿಂತ ಹೆಚ್ಚು ದೂರ ಓಡಬೇಕು. ನಮ್ಮ ಜೀಪಿನ ಎರಡು ಚಕ್ರಗಳ ನಡುವೆ ಸುಮಾರು ಒಂದೂಕಾಲು ಮೀಟರು. ಬೀದಿಯ ಮೂಲೆಯಲ್ಲಿ ನೇರ ಹೊರಳಿದರೆ ಸಾಕು, ಹೊರಚಕ್ರ ಎರಡು ಮೀಟರಿನಷ್ಟು ಹೆಚ್ಚು ನಡೆದಿರುತ್ತದೆ. ತಿರುವು ಕಿರಿದಾದರೂ ಹಿರಿದಾದರೂ ಈ ಲೆಕ್ಕ ಬದಲಾಗದು. ಡಿಫರೆನ್ಷಿಯಲ್ ಈ ಅಂತರಕ್ಕೆ ಎಡೆ ಕೊಡುತ್ತದೆ. ಆದರೆ ಅದು ಎರಡು ಚಕ್ರಕ್ಕೂ ಸಮಬಲವನ್ನೇ ಹಂಚುತ್ತದೆ. ಒಂದು ಚಕ್ರ ಗಾಳಿಯಲ್ಲಿ ತಿರುಗಿ ಬಲವನ್ನೇ ಬೇಡದಿದ್ದರೆ, ಗಟ್ಟಿನೆಲದ ಚಕ್ರಕ್ಕೂ ಅಷ್ಟೇ ಸಿಗುತ್ತದೆ. ಅವಿಭಕ್ತ ಕುಟುಂಬದ ಯಜಮಾನನೊಬ್ಬ ಮೈಗಳ್ಳ ಮಗನ ಊಟದ ಪ್ರಮಾಣವನ್ನೇ ದುಡಿಯುವ ಮಗನಿಗೂ ಬಡಿಸಿದ ಹಾಗೆ.

ಪರಿಹಾರ ಹುಡುಕುತ್ತ ನಾನು ರಸೆಲ್ ಮಾರುಕಟ್ಟೆಯ ಸುತ್ತಿನ ಗಲ್ಲಿಗಳಿಗೆ ಹೋದೆ. 1927ರಲ್ಲಿ ಕಟ್ಟಿದ, 1933ರಲ್ಲಿ ಸರ್ ಇಸ್ಮಾಯಿಲ್ ಸೇಠರು ತೆರೆದ ಆ ಗೋಪುರದ ಕಟ್ಟಡದೊಳಗೆ ಹೂವು, ಹಣ್ಣು, ಮೀನು; ಹೊರಗೆ ಶಿವಾಜಿನಗರದ ಗುಜರಿಯಲ್ಲಿ ಗಾಡಿಗಳ ಅಸ್ಥಿಪಂಜರ. ಮಲ್ಲಿಗೆಯ ಗಂಧವೂ ಗ್ರೀಸಿನ ನಾತವೂ ಒಂದೇ ಉಸಿರಿಗೆ ಸಿಗುವ ಸ್ಥಳ ನಾನು ಬೇರೆ ಕಂಡಿಲ್ಲ.

ಅಲ್ಲಿಯ ಹಿರಿಯ ಮೇಸ್ತ್ರಿಯೊಬ್ಬರು ನನ್ನ ಅಹವಾಲನ್ನು ಕೇಳಿ, “ಮೇಷ್ಟ್ರೇ, ಒಳಗಿನ ಹಲ್ಲುಗಳಿಗೆ ವೆಲ್ಡಿಂಗ್ ಹೊಡೆದುಬಿಡಿ ಅನ್ನುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ” ಎಂದರು. ಬೆಸೆದ ಆಕ್ಸಲ್ ಕೆಸರಿನಲ್ಲಿ ಶೂರ, ನಿಜ. ಆದರೆ ಪೇಟೆಯ ಒಂದೊಂದು ತಿರುವಿನಲ್ಲೂ ಆ ಎರಡು ಮೀಟರನ್ನು ಟೈರು ತೇದುಕೊಂಡೇ ತೀರಿಸಬೇಕು.

“ತಾನೇ ಬೀಗ ಬೀಳುವುದು ಬರುತ್ತದಲ್ಲ, ಭಾಯಿ?” ಎಂದೆ.

“ಬರುತ್ತೆ. ಮಳೆಯ ದಿನ ಹಲಸೂರಿನ ತಿರುವಿನಲ್ಲಿ ಅದು ಬಿದ್ದರೆ ಗಾಡಿಯ ಹಿಂಭಾಗ ಯಾವ ಕಡೆ ಹೋಗುತ್ತೆ, ಅದನ್ನೂ ನೋಡಿಕೊಳ್ಳಿ.”

ತಾನೇ ಬೀಳುವ ಬೀಗಗಳಲ್ಲೂ ಜಾತಿಗಳಿವೆ. ಒಂದು ಜಾತಿ ಎಂಜಿನು ತಳ್ಳುವವರೆಗೂ ಬಿಗಿದೇ ಇದ್ದು, ತಿರುವಿನಲ್ಲಿ ಟಕ್ಕೆಂದು ಸಡಿಲುತ್ತದೆ. 2015ರ ಥಾರಿನಲ್ಲಿ ಬಂದ ಈಟನ್ ಕಂಪನಿಯ ಯಂತ್ರಬೀಗ ಹೆಚ್ಚು ವಿವೇಕಿ: ಒಂದು ಚಕ್ರ ಇನ್ನೊಂದಕ್ಕಿಂತ ತೀರ ಬಿರುಸಾಗಿ ತಿರುಗಿದರಷ್ಟೇ ಬೀಳುತ್ತದೆ, ವೇಗ ಹೆಚ್ಚಿದರೆ ಬೀಳುವುದೇ ಇಲ್ಲ. ಗುಜರಿಯಲ್ಲಿ ಅಂತಹ ಥಾರಿನ ಹಿಂದಿನ ಆಕ್ಸಲ್ ಒಂದಿತ್ತು. ಆಸೆಯಾಯಿತು. ಆದರೆ ಅದರ ಹಲ್ಲಿನ ಪ್ರಮಾಣ ನಮ್ಮ ಮುಂದಿನ ಆಕ್ಸಲ್ಲಿಗೆ ಹೊಂದದು. ಮುಂದಿನದೂ ಹಿಂದಿನದೂ ಬೇರೆ ಬೇರೆ ಪ್ರಮಾಣದವಾದರೆ ನಾಲ್ಕು ಚಕ್ರದ ಗೇರಿನಲ್ಲಿ ಒಂದನ್ನೊಂದು ಎಳೆದಾಡಿ ಏನಾದರೂ ಮುರಿಯುತ್ತದೆ.

ಹಲ್ಲಿನ ವಿಷಯದಲ್ಲಿ ನನಗೂ ನನ್ನ ತಮ್ಮನಿಗೂ ವಾದವಾಯಿತು. ನಮ್ಮ ಜೀಪಿನ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43. ಎಂಜಿನಿನ ಕಡೆಯ ಪಿನಿಯನ್ 5.38 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಟಾಪ್ ಗೇರಿನಲ್ಲಿ ಗಂಟೆಗೆ 60 ಕಿ.ಮೀ. ಓಡುವಾಗ ಎಂಜಿನು ನಿಮಿಷಕ್ಕೆ ಸುಮಾರು 2,370 ಸುತ್ತು ಕೂಗುತ್ತದೆ. “11ಕ್ಕೆ 47 ಹಲ್ಲಿನದನ್ನು ಹಾಕೋಣ, ಅಣ್ಣ. ಹಾಸನದ ದಾರಿಯಲ್ಲಿ ಮಾತನಾಡಿದ್ದು ಕೇಳಿಸುತ್ತದೆ” ಎಂದ ಅವನು. ಆಗ 1,880ಕ್ಕೆ ಇಳಿಯುತ್ತದೆ, ನಿಜ. ಏರಿನ ಶಕ್ತಿಯೂ ಐದರಲ್ಲೊಂದು ಪಾಲು ಇಳಿಯುತ್ತದೆ. ಹಲ್ಲನ್ನು ಹಾಗೇ ಬಿಟ್ಟು ದೊಡ್ಡ ಟೈರು ಹಾಕುವುದು ಅವನ ಇನ್ನೊಂದು ಸಲಹೆ. ಇಪ್ಪತ್ತೆಂಟೂವರೆ ಅಂಗುಲದ ಚಕ್ರಕ್ಕೆ ಬದಲು 31 ಅಂಗುಲದ್ದು ಕೂರಿಸಿದರೆ, ಕಾಸು ಕೊಟ್ಟು ಹಲ್ಲು ಬದಲಿಸದೆಯೂ 5.38 ಎಂಬುದು 4.95ರ ಹಾಗೆ ವರ್ತಿಸುತ್ತದೆ. ಜೊತೆಗೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮೂ ಇದೆ. ಮೂಲರೂಪವನ್ನು ತಿದ್ದುವವರು ಅದನ್ನೊಮ್ಮೆ ಓದಿಕೊಳ್ಳುವುದು ಲೇಸು.

ನನ್ನ ತೀರ್ಮಾನ ಹೀಗಾಯಿತು. ಹಲ್ಲು ಪ್ರತಿ ಮೈಲಿಯಲ್ಲೂ ದುಡಿಯುತ್ತದೆ. ತಾಯಿಯ ಏರಿಗೆ 5.38 ಬೇಕು, ಕಾಲೇಜಿನ ದಾರಿಗೆ ಅದು ಅಡ್ಡಿಯಲ್ಲ, ಹಾಸನದ ದಾರಿಯ ಗದ್ದಲವನ್ನು ಸಹಿಸಬಹುದು. ಬದಲಿಸುವುದಾದರೆ ಎರಡು ಆಕ್ಸಲ್ಲಿಗೂ ಜೋಡಿ ಕ್ರೌನ್-ಪಿನಿಯನ್ ಕೊಳ್ಳಬೇಕು. ಒಂದರ ಕ್ರೌನಿಗೆ ಇನ್ನೊಂದರ ಪಿನಿಯನ್ ಸೇರಿಸಿದರೆ ಕೂಗುತ್ತದೆ. ಆ ಹಣವನ್ನು ಹಿಂದಿನ ಆಕ್ಸಲ್ಲಿನ ಬೀಗಕ್ಕೇ ಹಾಕುವುದು, ಅದೂ ಗುಂಡಿ ಒತ್ತಿದಾಗ ಮಾತ್ರ ಗಾಳಿಯ ಒತ್ತಡದಿಂದ ಬೀಳುವಂಥದ್ದು. ಉಳಿದ ಹೊತ್ತಿನಲ್ಲಿ ಜೀಪು ಹಿಂದಿನಂತೆಯೇ ಸಾಧು. ಮುಂದಿನ ಆಕ್ಸಲ್ಲಿಗೆ ಬೀಗ ಬೇಡ. ಬಿಗಿದರೆ ಸ್ಟಿಯರಿಂಗು ಕಲ್ಲಾಗುತ್ತದೆ. ಓರೆ ನೆಲದಲ್ಲಿ ಹಿಂದಿನದನ್ನೂ ಬಿಡಿಸಿಕೊಳ್ಳಬೇಕೆಂದು ಮೇಸ್ತ್ರಿಗಳು ಎರಡು ಸಲ ಹೇಳಿದರು: ಎರಡು ಚಕ್ರವೂ ಒಟ್ಟಿಗೆ ಜಾರಿದರೆ ಗಾಡಿಯನ್ನು ಹಿಡಿಯುವ ಚಕ್ರವೇ ಉಳಿಯದು. ಆಕ್ಸಲ್ ದಂಡದ ತುದಿಯ ಗೀರುಗಳನ್ನು ಎಣಿಸಿಯೇ ಬೀಗ ತರಿಸಬೇಕೆಂದೂ, ಇಡೀ ಬಲ ಒಂದೇ ದಂಡದ ಮೇಲೆ ಬೀಳುವುದರಿಂದ ಹಳೆಯ ದಂಡವನ್ನು ನಂಬಬಾರದೆಂದೂ ಎಚ್ಚರಿಸಿದರು. ಹೊಸ ದಂಡಗಳಿಗೂ ಮುಂಗಡ ಕೊಟ್ಟು ಬಂದೆ.

ಈ ಆಷಾಢಕ್ಕೆ ಮುಂಚೆ ಕೆಲಸ ಮುಗಿಯಬೇಕು. ತಾಯಿಗೆ ಫೋನಿನಲ್ಲಿ ಎಲ್ಲವನ್ನೂ ವಿವರಿಸಿದೆ. ತಾಳ್ಮೆಯಿಂದ ಕೇಳಿ, “ಅದೆಲ್ಲ ಸರಿ ಕಣೋ, ಹತ್ತುವುದಕ್ಕೆ ಒಂದು ಮೆಟ್ಟಿಲು ಹಾಕಿಸು. ನನ್ನ ಮಂಡಿ ಅಷ್ಟು ಎತ್ತರಕ್ಕೆ ಬಾಗುವುದಿಲ್ಲ” ಎಂದರು. ಮೇಸ್ತ್ರಿಗಳ ಪಟ್ಟಿಯಲ್ಲಿ ಅದನ್ನೂ ಸೇರಿಸಿದ್ದೇನೆ.