ಪಕ್ಕದ ಅಂಗಡಿ ಇದ್ದರೆ ತಾನೇ?

2024ರ ಏಪ್ರಿಲ್. ರಾತ್ರಿ ಊಟ ಮುಗಿಸಿ ಕೂತಿದ್ದೆ. ಡಲ್ಲಾಸ್‌ನಲ್ಲಿರುವ ಅಕ್ಕ ವಾಟ್ಸಾಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಮಗಳ ಹುಟ್ಟುಹಬ್ಬಕ್ಕೆ ಅಂತ ಕಾನ್ಸರ್ಟ್‌ಗೆ ಎರಡು ಟಿಕೆಟ್ ತೆಗೀತಿದ್ದಳು. ಮೊದಲು 90 ಡಾಲರ್ ಅಂತ ತೋರಿಸಿದ್ದ ಟಿಕೆಟ್, ಕಾರ್ಡ್ ನಂಬರ್ ಹಾಕುವ ಹೊತ್ತಿಗೆ ಆ ಫೀ, ಈ ಫೀ ಸೇರಿ 118 ಆಗಿತ್ತು. ಯಾವ ಸೈಟ್ ಅನ್ನೋದು ಇಲ್ಲಿ ಬೇಡ.

ಫೋನ್ ಮಾಡಿದಳು. “ಏನೋ ಇದು? ನಿಮ್ಮಂಥ ಇಂಜಿನಿಯರ್‌ಗಳೇ ತಾನೇ ಹೀಗೆಲ್ಲ ಮಾಡೋದು?”

ನಕ್ಕುಬಿಟ್ಟೆ. ಆದರೆ ಮಾತು ನಾಟಿತು. ಯಾಕಂದ್ರೆ ಮಾಡಿದ್ದೆ. ನನ್ನ ಮೊದಲ ಕೆಲಸ ಬೆಂಗಳೂರಿನ ಒಂದು ಬಸ್ ಟಿಕೆಟ್ ಆ್ಯಪ್‌ನಲ್ಲಿ. ಕನ್ವೀನಿಯನ್ಸ್ ಫೀಯನ್ನು ಕೊನೆಯ ಸ್ಕ್ರೀನ್‌ನಲ್ಲಿ ಮಾತ್ರ ತೋರಿಸುವ ಕೋಡ್ ಬರೆದವನು ನಾನೇ. ಹಬ್ಬಕ್ಕೆ ಊರಿಗೆ ಹೊರಟವರು, ಸೀಟು ಆರಿಸಿ, ಹೆಸರು-ವಯಸ್ಸು ತುಂಬಿಸಿ, ಕೊನೆಗೆ ಬಂದಮೇಲೆ ವಾಪಸ್ ಹೋಗಲ್ಲ ಅನ್ನೋದು ನಮ್ಮ ಲೆಕ್ಕ. ಲೆಕ್ಕ ಸರಿಯಾಗೇ ಇತ್ತು.

“ಸರಿ, ಬೇರೆ ಸೈಟಲ್ಲಿ ನೋಡು ಅಕ್ಕ” ಅಂದೆ.

“ಬೇರೆ ಸೈಟ್ ಎಲ್ಲಿದೆಯೋ? ಆ ಜಾಗದ ಟಿಕೆಟ್ ಇಲ್ಲೊಂದೇ ಕಡೆ ಸಿಗೋದು.”

ಮುಂದಿನ ತಿಂಗಳು, ಮೇ 23ರಂದು, ಅಮೆರಿಕದ ನ್ಯಾಯ ಇಲಾಖೆ ಲೈವ್ ನೇಷನ್ ಮತ್ತು ಅದರ ಟಿಕೆಟ್‌ಮಾಸ್ಟರ್ ಮೇಲೆ ಏಕಸ್ವಾಮ್ಯದ ಕೇಸ್ ಹಾಕಿದ ಸುದ್ದಿ ಓದಿದೆ. ನಾನು ಅಂದುಕೊಂಡಿದ್ದು, ಕೇಸ್ ಇರೋದು ಫೀ ಬಗ್ಗೆ, ಇಲ್ಲಾ 2022ರಲ್ಲಿ ಟೇಲರ್ ಸ್ವಿಫ್ಟ್ ಟಿಕೆಟ್ ಮಾರಾಟದ ದಿನ ಸಿಸ್ಟಂ ತತ್ತರಿಸಿತಲ್ಲ, ಅದರ ಬಗ್ಗೆ. ಇಂಜಿನಿಯರ್ ಬುದ್ಧಿ, ಸರ್ವರ್ ಜಾಸ್ತಿ ಹಾಕಿದ್ರೆ ಆಯ್ತು ಅಂತ.

ವಿಷಯ ಅದಾಗಿರಲಿಲ್ಲ. ಲೈವ್ ನೇಷನ್ ಕಾರ್ಯಕ್ರಮ ಏರ್ಪಡಿಸುತ್ತೆ, ಕಲಾವಿದರ ಮ್ಯಾನೇಜ್‌ಮೆಂಟ್ ನೋಡಿಕೊಳ್ಳುತ್ತೆ, ಕಾರ್ಯಕ್ರಮ ನಡೆಯುವ ಎಷ್ಟೋ ಜಾಗಗಳು ಅದರದ್ದೇ. 2010ರಲ್ಲಿ ಟಿಕೆಟ್‌ಮಾಸ್ಟರ್ ಕೂಡ ಸೇರಿಕೊಂಡಿತು. ದೊಡ್ಡ ಕಾನ್ಸರ್ಟ್ ಜಾಗಗಳ ಟಿಕೆಟ್ ವ್ಯವಹಾರದಲ್ಲಿ ಸುಮಾರು 80 ಪರ್ಸೆಂಟ್ ಅಥವಾ ಹೆಚ್ಚು ಅದರ ಕೈಯಲ್ಲಿದೆ, ಆ ಜಾಗಗಳನ್ನು ವರ್ಷಗಟ್ಟಲೆ ಕರಾರಿನಲ್ಲಿ ಕಟ್ಟಿಹಾಕಲಾಗಿದೆ, ಬೇರೆಯವರ ಹತ್ತಿರ ಹೋದರೆ ಒಳ್ಳೆ ಶೋಗಳು ಕೈತಪ್ಪುವ ಭಯ ಇದೆ ಅನ್ನೋದು ಸರ್ಕಾರದ ಆರೋಪ. ಕಂಪನಿ ಇದನ್ನು ಒಪ್ಪಲಿಲ್ಲ. ಟಿಕೆಟ್ ಬೆಲೆ ಕಲಾವಿದರ ಕಡೆಯವರು ಇಡೋದು, ಫೀಯ ಹೆಚ್ಚಿನ ಪಾಲು ಜಾಗದವರಿಗೆ ಹೋಗೋದು ಅಂತ ಅದರ ವಾದ.

ಜಗಳ ಹಳೆಯದು. 1994ರಲ್ಲೇ ಪರ್ಲ್ ಜ್ಯಾಮ್ ಬ್ಯಾಂಡ್‌ನವರು ಟಿಕೆಟ್ 20 ಡಾಲರ್ ಒಳಗೇ ಇರಲಿ ಅಂತ ಹೊರಟು, ಟಿಕೆಟ್‌ಮಾಸ್ಟರ್ ಮೇಲೆ ದೂರು ಕೊಟ್ಟಿದ್ದರು. ಮರುವರ್ಷ ತನಿಖೆ ಹಾಗೇ ಮುಚ್ಚಿಹೋಯಿತು. ಅಷ್ಟು ಹೆಸರಿದ್ದ ಬ್ಯಾಂಡ್‌ಗೂ ಬೇರೆ ದಾರಿ ಹುಡುಕೋದು ಕಷ್ಟವಾಯಿತು.

ಇದನ್ನೆಲ್ಲ ಓದುವಾಗ ನನ್ನ ಹಳೇ ಆಫೀಸೇ ನೆನಪಾಗುತ್ತಿತ್ತು. ಅಲ್ಲಿ ನಾನೊಮ್ಮೆ ಮೀಟಿಂಗ್‌ನಲ್ಲಿ, “ಪೂರ್ತಿ ಬೆಲೆ ಮೊದಲೇ ತೋರಿಸೋಣ ಸರ್” ಅಂದಿದ್ದೆ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಆರು ತಿಂಗಳಾದ ಮೇಲೆ ಮ್ಯಾನೇಜರ್ ತಾವೇ ಕರೆದು, “ಈ ವಾರವೇ ಬದಲಾಯಿಸಿಬಿಡಿ” ಅಂದರು. ನನ್ನ ಮಾತು ಕೊನೆಗೂ ಗೆದ್ದಿತು ಅಂತ ಎಷ್ಟೋ ವರ್ಷ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ. ಇಂಟರ್‌ವ್ಯೂಗಳಲ್ಲೂ ಹೇಳಿದ್ದೇನೆ.

ನಿಜ ಏನಪ್ಪಾ ಅಂದ್ರೆ, ಆ ತಿಂಗಳು ಇನ್ನೊಂದು ಆ್ಯಪ್ ಪೂರ್ತಿ ಬೆಲೆಯನ್ನು ಮೊದಲ ಸ್ಕ್ರೀನ್‌ನಲ್ಲೇ ತೋರಿಸೋಕೆ ಶುರು ಮಾಡಿತ್ತು. ನಮ್ಮ ಜನ ಅತ್ತ ಹೋಗುತ್ತಿದ್ದರು. ನಮ್ಮನ್ನು ಸರಿ ಮಾಡಿದ್ದು ಪಕ್ಕದ ಅಂಗಡಿ. ಅದಿಲ್ಲದಿದ್ದರೆ ನನ್ನ ಕೋಡ್ ಇವತ್ತಿಗೂ ಅಲ್ಲೇ ಓಡುತ್ತಿರುತ್ತಿತ್ತು, ನಾನೂ ಸಂಬಳ ತಗೊಂಡು ಸುಮ್ಮನಿರುತ್ತಿದ್ದೆ.

2025ರ ಮೇ 12ರಿಂದ ಅಮೆರಿಕದಲ್ಲಿ ಇಂಥ ಟಿಕೆಟ್‌ಗಳ ಪೂರ್ತಿ ಬೆಲೆಯನ್ನು ಮೊದಲೇ ತೋರಿಸಬೇಕು ಅಂತ ನಿಯಮ ಬಂತು. ಅಕ್ಕನಿಗೆ ಖುಷಿಯಿಂದ ಮೆಸೇಜ್ ಹಾಕಿದೆ. ಅವಳ ಉತ್ತರ: “ಹೌದು ಕಣೋ, ಈಗ ಮೊದಲೇ 118 ಅಂತ ತೋರಿಸ್ತಾರೆ. ತಗೊಳ್ಳೋದು ಮಾತ್ರ ಅಲ್ಲೇ.”

ಕೋರ್ಟಿನ ಲೆಕ್ಕ ಕೋರ್ಟಿಗಿರಲಿ. ಅಕ್ಕನ ಆ ಒಂದು ಸಾಲು ನನ್ನನ್ನು ಬಿಟ್ಟಿಲ್ಲ. ಈಗಿನ ಆಫೀಸಿನಲ್ಲಿ ನಾವು ಮಾಡೋದು ಸಣ್ಣ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್. ಹೋದ ತಿಂಗಳು ಮೀಟಿಂಗ್‌ನಲ್ಲಿ ಕೇಳಿದೆ: “ಅಂಗಡಿಯವರಿಗೆ ನಾವು ಬೇಡ ಅನಿಸಿದರೆ, ಅವರ ಲೆಕ್ಕವನ್ನೆಲ್ಲ ಸುಲಭವಾಗಿ ತಗೊಂಡು ಹೋಗೋಕೆ ಆಗುತ್ತಾ?” ಸ್ವಲ್ಪ ಹೊತ್ತು ಎಲ್ಲರೂ ಲ್ಯಾಪ್‌ಟಾಪ್ ನೋಡಿದರು. ಆಮೇಲೆ, “ಒಂದು ಟಿಕೆಟ್ ಹಾಕಿಡಿ, ನೋಡೋಣ” ಅಂದರು.

ಹಾಕಿದ್ದೇನೆ. ಇನ್ನೂ ಯಾರೂ ಕೈಗೆತ್ತಿಕೊಂಡಿಲ್ಲ. ಈ ಸಲ ಪಕ್ಕದ ಅಂಗಡಿಗೆ ಕಾಯದೆ ನಾನೇ ಶುರು ಮಾಡೋಣ ಅಂತಿದ್ದೇನೆ.